ಬೆರಳಿಗೂ ಕಿವಿಗೂ ಎಟುಕುವ ಕನ್ನಡ

ಗಣಕದ ತೆರೆಯ ಮೇಲೆ ‘ಕನ್ನಡ’ ಎಂಬ ಮೂರಕ್ಷರದ ಪದ ದುಂಡುದುಂಡಾಗಿ ಮೂಡಿ ನಿಂತಿರುವಾಗ, ಅದರ ಹಿಂದೆ ಯಂತ್ರದ ಒಡಲಿನಲ್ಲಿ ಏನು ಅಡಗಿದೆಯೆಂಬ ಜಿಜ್ಞಾಸೆ ಕಣ್ಣುಳ್ಳ ಓದುಗನಿಗೆ ಹುಟ್ಟಬೇಕಾದ ಕಾರಣವಿಲ್ಲ. ಆದರೆ ನಮ್ಮ ಅಚ್ಚುಕೂಟಗಳಲ್ಲಿಯೂ ಕಚೇರಿಗಳಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದು ಇಂದಿಗೂ ಪೂರ್ತಿಯಾಗಿ ಮರೆಯಾಗದಿರುವ ಹಳೆಯ ನುಡಿ ಫಾಂಟಿನಲ್ಲಿ ಆ ಪದವನ್ನು ಬೆರಳಚ್ಚಿಸಿದ್ದರೆ, ಯಂತ್ರವು ತನ್ನ ಸ್ಮೃತಿಯಲ್ಲಿ ಕಾಪಿಟ್ಟುಕೊಂಡಿರುವ ವಸ್ತುಗಳು ಇವು: ಇಂಗ್ಲಿಷಿನ ದೊಡ್ಡ ‘ಪಿ’ ಒಂದು, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ ಒಂದು, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರು ಇಮ್ಮಡಿ ಸಕಾರಕ್ಕಾಗಿ ಬಳಸುವ ಅಕ್ಷರ, ಸಣ್ಣ ‘ಕ್ಯೂ’ ಒಂದು, ಕಡೆಗೆ ಇನ್ನೊಮ್ಮೆ ಅದೇ ‘ಎ’. ಈ ಪರಕೀಯ ಸಂಕೇತಗಳಿಗೆಲ್ಲ ಕನ್ನಡದ ಅಕ್ಷರಾಂಶಗಳ ವೇಷವನ್ನು ತೊಡಿಸಿ ತೆರೆಯ ಮೇಲೆ ನಿಲ್ಲಿಸುವುದಷ್ಟೇ ಆ ಫಾಂಟಿನ ಕೆಲಸ. ವೇಷ ಕಳಚಿದರೆ ಒಳಗೆ ಕನ್ನಡವೆಂಬುದು ಇಲ್ಲವೇ ಇಲ್ಲ.

ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ಇಂಥ ಕಡತವನ್ನು ತನ್ನ ಗಣಕದಲ್ಲಿ ತೆರೆದನೆನ್ನಿ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶಕ್ಕೆ ಕಣ್ಣಿಲ್ಲವಾದ್ದರಿಂದ ಅದಕ್ಕೆ ವೇಷವೂ ಕಾಣಿಸದು. ಒಳಗಿರುವುದನ್ನೇ ಅದು ಓದುತ್ತದೆ. ಪಿ ಎಂದೂ ಪೌಂಡ್ ಎಂದೂ ಅದು ಗೊಣಗುತ್ತ ಹೋಗುವುದನ್ನು ಒಂದು ನಿಮಿಷ ಕೇಳಿದವರಿಗೆ, ಇಪ್ಪತ್ತು ಪುಟದ ಪಾಠವೊಂದನ್ನು ಹೀಗೆ ಕೇಳಬೇಕಾದವನ ಅವಸ್ಥೆ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂಬುದನ್ನು ಒಡನೆಯೇ ಹೇಳಿಬಿಡಬೇಕು. ಗಣಕಗಳಲ್ಲಿ ಒಂದು ಕಾಲಕ್ಕೆ ಅಕ್ಷರಗಳಿಗೆ ಇನ್ನೂರೈವತ್ತಾರು ಮನೆಗಳಷ್ಟೇ ಇದ್ದು, ಅವುಗಳಲ್ಲಿ ಬಹುಪಾಲನ್ನು ಯೂರೋಪಿನ ಅಕ್ಷರಗಳೇ ಆಕ್ರಮಿಸಿಕೊಂಡಿದ್ದಾಗ, ಆ ಇಕ್ಕಟ್ಟಿನೊಳಗೆ ಗುಣಿತವೂ ಒತ್ತೂ ಉಳ್ಳ ನಮ್ಮ ಲಿಪಿಯನ್ನು ನುಗ್ಗಿಸಿ, ಕನ್ನಡಿಗನಿಗೆ ತನ್ನ ಭಾಷೆಯಲ್ಲಿ ಪತ್ರ ಬರೆಯುವ, ಪುಸ್ತಕ ಅಚ್ಚುಮಾಡುವ ಸೌಕರ್ಯವನ್ನು ಕಲ್ಪಿಸಿಕೊಟ್ಟ ನುಡಿ, ಬರಹ ಮೊದಲಾದ ತಂತ್ರಾಂಶಗಳ ಕರ್ತೃಗಳು ಸ್ತುತ್ಯರು. ಆದರೆ ಅವರ ಮನಸ್ಸಿನಲ್ಲಿದ್ದ ಓದುಗನಿಗೆ ಕಣ್ಣುಗಳಿದ್ದುವು.

ವಿಕಲಚೇತನರ ವಿದ್ಯಾಭ್ಯಾಸಕ್ಕೆ ತಂತ್ರಜ್ಞಾನದ ನೆರವು ಎಂದೊಡನೆ ನಮ್ಮ ಕಲ್ಪನೆ ಮಾತನಾಡುವ ಕನ್ನಡಕಗಳ ಕಡೆಗೂ ದಾರಿ ತೋರುವ ಊರುಗೋಲುಗಳ ಕಡೆಗೂ ಧಾವಿಸುತ್ತದೆ. ಸಮಾರಂಭಗಳಲ್ಲಿ ಹಂಚುವುದಕ್ಕೂ ಪತ್ರಿಕೆಗಳಲ್ಲಿ ಚಿತ್ರ ಹಾಕುವುದಕ್ಕೂ ಅವು ಒದಗಿಬರುತ್ತವೆ. ಅವುಗಳ ಉಪಯೋಗವನ್ನು ಅಲ್ಲಗಳೆಯತಕ್ಕದ್ದಿಲ್ಲ. ಆದರೂ ನನಗೆ ತೋರುವ ಮಟ್ಟಿಗೆ, ವಿದ್ಯೆಯ ಬಾಗಿಲು ಒಬ್ಬ ಬಾಲಕನ ಪಾಲಿಗೆ ತೆರೆಯುವುದೋ ಮುಚ್ಚುವುದೋ ನಿರ್ಧಾರವಾಗುವುದು ಅವನ ಕೈಗೆ ಯಂತ್ರ ಬರುವುದಕ್ಕೆ ಬಹಳ ಮುಂಚೆ, ಅವನು ಓದಬೇಕಾದ ಪುಸ್ತಕ ಬೆರಳಚ್ಚುಗಾರನ ಮೇಜಿನ ಮೇಲಿರುವಾಗ.

ಈ ಮಾತು ಹೊಸದಲ್ಲ. ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದು. ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ವಲಾಂತ್ಯಾಂ ಆವೀ ಎಂಬ ಉದಾರಿಯು ಪ್ಯಾರಿಸ್ ನಗರದಲ್ಲಿ ಅಂಧಬಾಲಕರಿಗಾಗಿ ಶಾಲೆಯೊಂದನ್ನು ತೆರೆದಾಗ, ಅಲ್ಲಿನ ಪುಸ್ತಕಗಳಲ್ಲಿ ಸಾಮಾನ್ಯವಾದ ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬುವಂತೆ ಒತ್ತಿಸಿದನು. ಕಣ್ಣಿಗೆ ಒಪ್ಪುವ ಆಕಾರ ಬೆರಳಿಗೂ ಒಪ್ಪಬೇಕೆಂಬುದು ಅವನ ಊಹೆ. ಪ್ರತಿ ಅಕ್ಷರದ ಅಂಚನ್ನೂ ಬೆರಳು ಸುತ್ತಿಬರಬೇಕಾದ್ದರಿಂದ ಓದು ಅತಿ ನಿಧಾನವಾಗಿತ್ತು. ಬರೆಯುವುದಂತೂ ಆ ಮಕ್ಕಳಿಗೆ ಸಾಧ್ಯವೇ ಇರಲಿಲ್ಲ. ಅದೇ ಶಾಲೆಗೆ ಮುಂದೆ ಸೇರಿದ, ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮಗೆಲಸದ ಕಾರ್ಯಾಗಾರದಲ್ಲಿ ಉಳಿಯೊಂದು ತಗುಲಿ ದೃಷ್ಟಿ ನೀಗಿಕೊಂಡಿದ್ದ ಲೂಯಿ ಬ್ರೈಲ್, ಶಾರ್ಲ್ ಬಾರ್ಬಿಯೆ ಎಂಬ ಸೈನಿಕನು ಹನ್ನೆರಡು ಚುಕ್ಕೆಗಳಿಂದ ರಚಿಸಿದ್ದ ಇರುಳುಲಿಪಿಯನ್ನು ಆರು ಚುಕ್ಕೆಗಳಿಗೆ ಇಳಿಸಿ, ಒಂದೇ ಬೆರಳತುದಿಯ ಅಡಿಯಲ್ಲಿ ಒಂದು ವರ್ಣ ಸಮಗ್ರವಾಗಿ ಅಡಗುವಂತೆ ಮಾಡಿ, 1829ರಲ್ಲಿ ಅದನ್ನು ಪ್ರಕಟಿಸಿದನು. ಆಗ ಅವನಿಗೆ ಇಪ್ಪತ್ತು ವರ್ಷ. ಅಕ್ಷರದ ರೂಪಕ್ಕೂ ಅದು ಸೂಚಿಸುವ ಧ್ವನಿಗೂ ನಿತ್ಯಸಂಬಂಧವೇನೂ ಇಲ್ಲವೆಂಬುದನ್ನು ಕಂಡುಕೊಂಡು, ಕಣ್ಣಿಗಾಗಿ ಹುಟ್ಟಿದ ರೂಪವನ್ನು ನಿರ್ದಾಕ್ಷಿಣ್ಯವಾಗಿ ಬಿಟ್ಟುಬಿಟ್ಟದ್ದೇ ಆ ತರುಣನ ಪ್ರತಿಭೆ. ದೃಷ್ಟಿಯುಳ್ಳ ಉಪಾಧ್ಯಾಯರಿಗೆ ಈ ಚುಕ್ಕೆಗಳು ಬಹಳ ಕಾಲ ರುಚಿಸಲಿಲ್ಲ. ತಮಗೆ ಓದಲು ಬಾರದ ಲಿಪಿ ಶಿಷ್ಯರಿಗೆ ಏಕೆ ಬೇಕೆಂಬ ಭಾವನೆ ಅವರದು. ಇಂಥ ಭಾವನೆ ಆ ಶತಮಾನದೊಂದಿಗೇ ಅಳಿಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಭಾರತಕ್ಕೆ ಬಂದಾಗ ಬ್ರೈಲ್ ಲಿಪಿ ಒಂದೊಂದು ಪ್ರಾಂತದಲ್ಲಿ ಒಂದೊಂದು ಬಗೆಯಾಗಿ ಬೆಳೆದು, ಒಬ್ಬರ ಬರಹ ಇನ್ನೊಬ್ಬರಿಗೆ ತಿಳಿಯದಂಥ ಗೊಂದಲವುಂಟಾಗಿತ್ತು. ಸ್ವಾತಂತ್ರ್ಯಾನಂತರ, 1951ರಲ್ಲಿ, ದೇಶದ ಎಲ್ಲ ಭಾಷೆಗಳಿಗೂ ಧ್ವನಿಸಾಮ್ಯವನ್ನು ಅನುಸರಿಸಿದ ಏಕರೂಪದ ಭಾರತೀ ಬ್ರೈಲ್ ಅಂಗೀಕೃತವಾಯಿತು. ಅದರ ಪ್ರಕಾರ ಕನ್ನಡದ ಕಕಾರ, ತಮಿಳಿನ ಕಕಾರ, ಹಿಂದಿಯ ಕಕಾರ, ಇಂಗ್ಲಿಷಿನ ‘ಕೆ’ ಇವೆಲ್ಲಕ್ಕೂ ಒಂದನೆಯ ಮತ್ತು ಮೂರನೆಯ ಚುಕ್ಕೆಗಳೇ ಗುರುತು. ಲಿಪಿಭೇದಕ್ಕಾಗಿ ನಾವು ಜಗಳವಾಡುತ್ತಿದ್ದ ಕಾಲದಲ್ಲಿ ಅಂಧರ ಮಟ್ಟಿಗೆ ಇಡೀ ದೇಶ ಒಂದೇ ಲಿಪಿಯುಳ್ಳದ್ದಾಯಿತೆಂಬುದು ಕೌತುಕದ ಸಂಗತಿ.

ಈ ಲಿಪಿಯಲ್ಲಿ ಕನ್ನಡವನ್ನು ಬರೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಅಚ್ಚಿನ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಅದು ಮೂರು ದಿಕ್ಕಿಗೂ ಬೆಳೆಯುತ್ತದೆ. ಬೆರಳು ಎಡದಿಂದ ಬಲಕ್ಕೆ ಒಂದೇ ಗೆರೆಯಲ್ಲಿ ಸಾಗಬೇಕಾದ್ದರಿಂದ ಬ್ರೈಲಿನಲ್ಲಿ ಈ ಮಹಡಿಗಳೆಲ್ಲ ಕಳಚಿ ಸಾಲಾಗಿ ನಿಲ್ಲುತ್ತವೆ. ‘ಕಿ’ ಎಂಬಲ್ಲಿ ಕಕಾರದ ಬಳಿಕ ಇಕಾರವೇ ಬಂದು ಕೂರುತ್ತದೆ. ‘ನ್ನ’ ಎಂಬಲ್ಲಿ ಮೊದಲು ಅರ್ಧಾಕ್ಷರ ಬರುತ್ತಿದೆಯೆಂದು ಎಚ್ಚರಿಸುವ ನಾಲ್ಕನೆಯ ಚುಕ್ಕೆ, ಅನಂತರ ಒಂದು ನಕಾರ, ಅದರ ಹಿಂದೆಯೇ ಇನ್ನೊಂದು ನಕಾರ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ನಮ್ಮ ಅಚ್ಚಿನ ರೂಪಕ್ಕಿಂತ ನೇರವಾದದ್ದೆಂದೇ ಹೇಳಬೇಕು. ಬರೆಯುವವರ ಶ್ರಮವಾದರೋ ಬೇರೆ ತೆರನಾದದ್ದು. ರಟ್ಟಿನಷ್ಟು ದಪ್ಪನಾದ ಕಾಗದವನ್ನು ಸ್ಲೇಟ್ ಎಂಬ ಚೌಕಟ್ಟಿನ ಎರಡು ಪಟ್ಟಿಗಳ ನಡುವೆ ಸಿಕ್ಕಿಸಿ, ಸ್ಟೈಲಸ್ ಎಂಬ ಮೊನೆಯಿಂದ ಚುಕ್ಕೆಗಳನ್ನು ಒತ್ತುತ್ತ ಹೋದರೆ ಅವು ಮೂಡುವುದು ಹಾಳೆಯ ಹಿಂಬದಿಗೆ. ಆದಕಾರಣ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯ ಬಿಂಬದಂತೆ ತಿರುಗಿಸಿ ಬರೆದು, ಹಾಳೆಯನ್ನು ಮಗುಚಿಕೊಂಡು ಎಡದಿಂದ ಬಲಕ್ಕೆ ಓದಬೇಕು. ಏಳೆಂಟು ವರ್ಷದ ಮಕ್ಕಳು ಈ ವಿಲೋಮಕ್ರಮವನ್ನು ಕೆಲವೇ ತಿಂಗಳಲ್ಲಿ ಕೈವಶ ಮಾಡಿಕೊಂಡು ಟಕಟಕನೆ ಒತ್ತುತ್ತ ಕುಳಿತಿರುವ ತರಗತಿಯ ಸದ್ದು ಒಮ್ಮೆ ಕೇಳಿದರೆ ಮರೆಯುವಂಥದಲ್ಲ.

ಕನ್ನಡನಾಡಿನಲ್ಲಿ ಇಂಥ ಶಿಕ್ಷಣಕ್ಕೆ ದೀರ್ಘವಾದ ಇತಿಹಾಸವುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ಏರ್ಪಟ್ಟಿತು. ಉತ್ತರದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವು, ತಾವೇ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳ, ಅನಂತರ ಪುಟ್ಟರಾಜ ಗವಾಯಿಗಳ ನೆರಳಿನಲ್ಲಿ, ಅಸಂಖ್ಯಾತ ಅಂಧಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ನೀಡಿತು. ಕಿವಿಯೊಂದನ್ನೇ ನಂಬಿದ ಆ ವಿದ್ಯಾಕ್ರಮದಿಂದ ಎಂಥ ಕಲಾವಿದರು ಹೊರಬಂದರೆಂಬುದು ನಾಡಿಗೆಲ್ಲ ವಿದಿತ. ಆದರೆ ಅದರ ಕೀರ್ತಿಯ ನೆರಳಿನಲ್ಲಿಯೇ, ಕಣ್ಣಿಲ್ಲದ ಮಗುವೆಂದರೆ ಹಾಡಬೇಕಾದ ಮಗು ಎಂಬ ನಂಬಿಕೆಯೊಂದು ನಮ್ಮ ಜನದಲ್ಲಿ ಬೇರೂರಿತು. ಸ್ವರಜ್ಞಾನವಿಲ್ಲದ, ರಸಾಯನಶಾಸ್ತ್ರದಲ್ಲಿ ಕುತೂಹಲವುಳ್ಳ ಅಂಧ ಬಾಲಕಿಯೂ ಇರಬಹುದಷ್ಟೆ. ಅವಳಿಗೆ ಬೇಕಾದದ್ದು ಪುಸ್ತಕ.

ಪುಸ್ತಕವೋ, ದುರ್ಲಭವಾಗಿತ್ತು. ಬ್ರೈಲಿನಲ್ಲಿ ಒತ್ತಿದಾಗ ಅಚ್ಚಿನ ಒಂದು ಸಂಪುಟ ಹಲವು ಭಾರೀ ಸಂಪುಟಗಳಾಗಿ ಹಿಗ್ಗುತ್ತದೆ. ಅದನ್ನು ಹೊರುವುದೂ ಕಷ್ಟ, ಇಡಲು ಸ್ಥಳವೂ ಕಷ್ಟ, ಹಲವು ಬೆರಳುಗಳು ಓಡಾಡಿದ ಮೇಲೆ ಚುಕ್ಕೆಗಳು ಕುಗ್ಗಿಹೋಗುವುದರಿಂದ ಬಾಳಿಕೆಯೂ ಕಡಮೆ. ಈ ಕೊರತೆಯನ್ನು ನೀಗಲು ಧ್ವನಿಮುದ್ರಣ ಬಂದಿತು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ಗೃಹಿಣಿಯರೂ ನಿವೃತ್ತರೂ ಬಿಡುವಿನ ವೇಳೆಯಲ್ಲಿ ಬಂದು ಪಠ್ಯಗಳನ್ನು ಓದಿ ಮುದ್ರಿಸಿಕೊಟ್ಟರು. ಆ ಟಾಕಿಂಗ್ ಬುಕ್‌ಗಳನ್ನು ಕೇಳಿ ಪದವೀಧರರಾದವರು ಅನೇಕರು. ಆದರೆ ಕ್ಯಾಸೆಟ್ಟಿನಲ್ಲಿ ಏಳನೆಯ ಅಧ್ಯಾಯದ ಮೂರನೆಯ ಪರಿಚ್ಛೇದವನ್ನು ಹುಡುಕುವ ಪರದಾಟವನ್ನು ಬಲ್ಲವರೇ ಬಲ್ಲರು. ಧ್ವನಿಪುಸ್ತಕದಲ್ಲಿಯೂ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಜಿಗಿಯುವ ವ್ಯವಸ್ಥೆಯಿರಬೇಕೆಂದು ಹಲವು ದೇಶಗಳ ಗ್ರಂಥಾಲಯಗಳು ಕೂಡಿ 1996ರಲ್ಲಿ ಕಟ್ಟಿದ ಡೈಸಿ ಒಕ್ಕೂಟವು ಆ ಕೊರತೆಯನ್ನು ತುಂಬಿತು.

ನಿಜವಾದ ಪರಿವರ್ತನೆ ಉಂಟಾದದ್ದು ಯಂತ್ರವೇ ಓದಲು ಕಲಿತಾಗ. ಸ್ಕ್ರೀನ್ ರೀಡರುಗಳು ಮೊದಲು ದುಬಾರಿಯ ಸರಕಾಗಿದ್ದುವು. ನಮ್ಮ ಸಾಮಾನ್ಯ ಶಾಲೆಗಳು ಕೊಳ್ಳುವ ಬೆಲೆ ಅವುಗಳದಾಗಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರ‍್ರನ್ ಎಂಬ ಅಂಧ ತರುಣನು, ಕಣ್ಣುಳ್ಳವನಿಗಿಂತ ಕಣ್ಣಿಲ್ಲದವನು ಗಣಕಕ್ಕೆ ಹೆಚ್ಚು ಹಣ ತೆರಬೇಕೆಂಬುದು ಯಾವ ನ್ಯಾಯವೆಂದು ಭಾವಿಸಿ, ಎನ್‌ವಿಡಿಎ ಎಂಬ ತಂತ್ರಾಂಶವನ್ನು ಬರೆಯತೊಡಗಿದನು. ಅಂಧನೇ ಆದ ಜೇಮ್ಸ್ ಟೆ ಎಂಬ ಮಿತ್ರನು ಜೊತೆಗೂಡಿದನು. ಅದು ಎಲ್ಲರಿಗೂ ಉಚಿತ. ಅದರೊಡನೆ ಸೇರಿ ಬರುವ ಈಸ್ಪೀಕ್ ಎಂಬ ಪುಟ್ಟ ಧ್ವನಿಯಂತ್ರವು ಕನ್ನಡವನ್ನೂ ಓದಬಲ್ಲುದು. ಅದರ ಉಚ್ಚಾರಣೆ ಕೇಳಲು ಇಂಪಲ್ಲ. ಲೋಹದ ಗಂಟಲಿನಿಂದ ಹೊರಟಂತಿರುತ್ತದೆ. ಆದರೆ ಅಭ್ಯಾಸವಾದವರು ಅದನ್ನು ನಮಗೆ ಒಂದು ಪದವೂ ತಿಳಿಯದಷ್ಟು ವೇಗಕ್ಕೆ ಏರಿಸಿಕೊಂಡು, ಕಣ್ಣಾಡಿಸುವವರಿಗೆ ಸಮನಾಗಿ ಓದಿಮುಗಿಸುತ್ತಾರೆ. ಇಂಪಾದ ಧ್ವನಿಗಳು ಈಚೆಗೆ ಮೊಬೈಲುಗಳಲ್ಲಿ ಬಂದಿವೆ. ವೇಗವಾಗಿ ಓದಬೇಕಾದ ವಿದ್ಯಾರ್ಥಿಗಳು ಬಹುಶಃ ಆ ಲೋಹದ ಗಂಟಲನ್ನೇ ಮೆಚ್ಚುತ್ತಾರೆ.

ಇಂಥ ಯಂತ್ರಗಳಿಗೆ ಕನ್ನಡವು ಕನ್ನಡವಾಗಿ ಸಿಗಬೇಕಾದರೆ ಪ್ರತಿ ವರ್ಣಕ್ಕೂ ಜಗತ್ತಿನಲ್ಲೆಲ್ಲ ಒಂದೇ ಆದ ಸಂಕೇತವಿರಬೇಕು. ಯೂನಿಕೋಡ್ ಎಂಬ ಸರ್ವಭಾಷಾ ಸಂಕೇತವ್ಯವಸ್ಥೆಯು 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದರಲ್ಲಿ ‘ನ್ನ’ ಎಂಬುದು ನಕಾರ, ಹಲಂತ, ನಕಾರ ಎಂದು ಸಾಲಾಗಿಯೇ ಉಳಿಯುತ್ತದೆ. ಒತ್ತಾಗಿ ಕೆಳಗಿಳಿಯುವುದು ತೆರೆಯ ಮೇಲೆ ಮೂಡುವಾಗ ಮಾತ್ರ. ಹೀಗೆ ಕೂಡಿಟ್ಟ ಬರಹವನ್ನು ಯಂತ್ರ ಓದಿಹೇಳಬಲ್ಲುದು, ಕ್ಷಣಾರ್ಧದಲ್ಲಿ ಬ್ರೈಲಿಗೆ ಪರಿವರ್ತಿಸಬಲ್ಲುದು, ಮಂದದೃಷ್ಟಿಯವನಿಗಾಗಿ ಅಂಗೈಯಗಲದ ಅಕ್ಷರಗಳಲ್ಲಿ ತೋರಿಸಬಲ್ಲುದು. ಅಕ್ಷರಗಳು ಕಣ್ಣೆದುರು ಕಲಸಿಹೋಗುವ, ಓದಿನ ನ್ಯೂನತೆಯುಳ್ಳ ಮಗುವಿಗೂ ಅದೇ ಕಡತ ಕೇಳುತ್ತ ನೋಡುತ್ತ ಓದಲು ಒದಗುತ್ತದೆ. ಒಮ್ಮೆ ಸರಿಯಾಗಿ ಬೆರಳಚ್ಚಿಸಿದರೆ ಸಾಕು. ಇಷ್ಟಾದರೂ ಪುಸ್ತಕಗಳ ಪುಟವಿನ್ಯಾಸ ಮಾಡುವ ಅನೇಕರು, ತಮ್ಮ ಹಳೆಯ ತಂತ್ರಾಂಶದಲ್ಲಿ ಯೂನಿಕೋಡಿನ ಒತ್ತಕ್ಷರಗಳು ಒಡೆದುಹೋಗುತ್ತಿದ್ದುವೆಂಬ ಕಾರಣದಿಂದಲೋ, ಕೈಗೆ ಕೂತ ಅಭ್ಯಾಸವನ್ನು ಬಿಡಲಾರದೆಯೋ, ಹಳೆಯ ಫಾಂಟುಗಳನ್ನೇ ಹಿಡಿದುಕೊಂಡರು. ಮೊದಲನೆಯ ಕಾರಣ ಒಂದು ಕಾಲಕ್ಕೆ ನ್ಯಾಯವಾದದ್ದೇ. ಈಗ ಉಳಿದಿರುವುದು ಬಹುತೇಕ ಎರಡನೆಯದು.

ಈಗಾಗಲೇ ಅಚ್ಚಾಗಿರುವ ಅಪಾರ ಗ್ರಂಥರಾಶಿಯ ಗತಿಯೇನು? ಪುಟದ ಛಾಯಾಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ಓಸಿಆರ್ ವಿದ್ಯೆಯೇ ಅದಕ್ಕೆ ಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ‘ಲಿಪಿಜ್ಞಾನಿ’ ಎಂಬ ಕನ್ನಡ ಓಸಿಆರ್ ಅನ್ನು ರೂಪಿಸಿದಾಗ, ಹಳಗನ್ನಡದ ಪುಟಗಳನ್ನೂ ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳನ್ನೂ ಅದಕ್ಕೆ ಓದಿಸಿ ಪರೀಕ್ಷಿಸಿತು. ನಮ್ಮ ಲಿಪಿಯಲ್ಲಿ ಈ ಕೆಲಸ ಸುಲಭದ್ದಲ್ಲ: ಪಕಾರಕ್ಕೂ ಷಕಾರಕ್ಕೂ ಒಂದು ಗೆರೆಯ ಅಂತರ, ದಕಾರ ಧಕಾರಗಳಿಗೆ ಹೊಟ್ಟೆಯ ಕೆಳಗಿನ ಒಂದು ಸೀಳಿನ ಅಂತರ, ಮಸಿ ಹಬ್ಬಿದ ಹಳೆಯ ಕಾಗದದಲ್ಲಿ ಅವೂ ಅಳಿಸಿಹೋಗಿರುತ್ತವೆ. ಆದ್ದರಿಂದ ಯಂತ್ರ ಓದಿದ್ದನ್ನು ಮನುಷ್ಯನೊಬ್ಬ ಕೂತು ತಿದ್ದಲೇಬೇಕು. ‘ಧನ’ವು ‘ದನ’ವಾಗಿ ಹೋದ ಅರ್ಥಶಾಸ್ತ್ರದ ಪಾಠವನ್ನು ಕೇಳುವ ವಿದ್ಯಾರ್ಥಿ ನಕ್ಕು ಮುಂದೆ ಹೋಗಬಹುದು, ಅಂಕಿಯೊಂದು ತಪ್ಪಿದ ಲೆಕ್ಕವನ್ನು ಕೇಳಿದವನಿಗೆ ನಗುವ ಅವಕಾಶವೂ ಇಲ್ಲ, ಏಕೆಂದರೆ ತಪ್ಪಿದೆಯೆಂದೇ ಅವನಿಗೆ ತಿಳಿಯದು.

ಕೇವಲ ಕೇಳಿ ಕಲಿಯುವುದರಲ್ಲಿ ಇನ್ನೊಂದು ಅಪಾಯವುಂಟು. ಉಪಾಧ್ಯಾಯರು ಇದನ್ನು ಆಗಾಗ ಹೇಳುತ್ತಾರೆ. ಧ್ವನಿಯನ್ನಷ್ಟೇ ನಂಬಿ ಬೆಳೆದ ವಿದ್ಯಾರ್ಥಿಗೆ ಶಕಾರ ಷಕಾರಗಳ ಭೇದವಾಗಲಿ, ಎಲ್ಲಿ ಅಲ್ಪಪ್ರಾಣ ಎಲ್ಲಿ ಮಹಾಪ್ರಾಣವೆಂಬುದಾಗಲಿ ಖಚಿತವಾಗಿ ತಿಳಿಯದೆ, ಬರೆಯಲು ಕುಳಿತಾಗ ಕಾಗುಣಿತ ಕೈಕೊಡುತ್ತದೆ. ಬ್ರೈಲಿನ ಕಾಲ ಮುಗಿಯಿತೆಂದು ಹೇಳುವವರ ಮಾತು ಆದಕಾರಣ ಅಪಕ್ವವಾದದ್ದು. ಕಾಗದದ ಬದಲಿಗೆ ಸಣ್ಣ ಮೊಳೆಗಳು ಏಳುತ್ತ ಬೀಳುತ್ತ ಸಾಲುಸಾಲಾಗಿ ಚುಕ್ಕೆಗಳನ್ನು ಮೂಡಿಸುವ ಯಂತ್ರಗಳು ಇಂದು ದೊರೆಯುತ್ತವೆ. ಇಪ್ಪತ್ತು ಕೋಶಗಳ ಆರ್ಬಿಟ್ ರೀಡರ್ ಬಂದಮೇಲೆ ಅವುಗಳ ಬೆಲೆ ಹಿಂದಿನದಕ್ಕಿಂತ ಬಹಳ ಇಳಿಯಿತಾದರೂ ನಮ್ಮ ಸಾಧಾರಣ ಕುಟುಂಬಗಳಿಗೆ ಅದಿನ್ನೂ ದೂರವೇ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಸಂಸ್ಥೆಯು ನಿರ್ಮಿಸಿರುವ ‘ಆ್ಯನಿ’ ಎಂಬ ಪೆಟ್ಟಿಗೆಯು ಮಗುವಿಗೆ ತಾನಾಗಿಯೇ ಬ್ರೈಲ್ ಕಲಿಯಲು ನೆರವಾಗುತ್ತದೆ. ಹೆಲೆನ್ ಕೆಲ್ಲರಳ ಗುರುವಾದ ಆ್ಯನಿ ಸಲಿವನ್ನಳ ಹೆಸರನ್ನು ಅದಕ್ಕಿಟ್ಟಿದ್ದಾರೆ.

ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲವೆಂಬುದು ಸಂತೋಷದ ಸಂಗತಿ. 2012ರ ತಿದ್ದುಪಡಿಯ ಮೇಲೆ ನಮ್ಮ ಕೃತಿಸ್ವಾಮ್ಯದ ಶಾಸನವು, ಅಂಗವೈಕಲ್ಯವುಳ್ಳವರಿಗೆ ಒದಗುವ ರೂಪಕ್ಕೆ ಗ್ರಂಥವನ್ನು ಪರಿವರ್ತಿಸುವುದಕ್ಕೆ ಪ್ರಕಾಶಕರ ಅಪ್ಪಣೆ ಬೇಡವೆಂದು ವಿಧಿಸಿತು. ಅಂಥ ಗ್ರಂಥಗಳನ್ನು ದೇಶದಿಂದ ದೇಶಕ್ಕೆ ಕಳುಹಿಸಲು ಅನುಮತಿ ನೀಡುವ 2013ರ ಮರಾಕೆಶ್ ಒಪ್ಪಂದವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ರಾಷ್ಟ್ರ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಅಂತರಜಾಲ ಗ್ರಂಥಭಂಡಾರ ತೆರೆಯಿತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಅಧಿನಿಯಮವು ಏಳಿದ್ದ ವೈಕಲ್ಯದ ವಿಧಗಳನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿ, ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ಅವರು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಈ ಶಾಸನಗಳ ಫಲ ಮುಟ್ಟಬೇಕಾದವರು ಕೆಲವರಲ್ಲ: 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಎರಡು ಕೋಟಿ ಅರುವತ್ತೆಂಟು ಲಕ್ಷ ಮಂದಿ ಅಂಗವಿಕಲರು. ಕರ್ನಾಟಕದಲ್ಲಿಯೇ ಹದಿಮೂರು ಲಕ್ಷಕ್ಕೂ ಹೆಚ್ಚು.

ಕಿವಿ ಕೇಳದ ಮಕ್ಕಳ ಪ್ರಶ್ನೆ ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದದ್ದು. ಅಂಧನಿಗೆ ವರವಾದ ಧ್ವನಿಯಂತ್ರ ಅವರಿಗೆ ನಿರರ್ಥಕ. ಅವರ ಪಾಲಿಗೆ ಕನ್ನಡವೇ ಎರಡನೆಯ ಭಾಷೆ, ಕೈಗಳ ಸಂಜ್ಞೆಯೇ ಮೊದಲನೆಯದು. ಭಾರತೀಯ ಸಂಜ್ಞಾಭಾಷೆಯ ಸಂಶೋಧನ ಕೇಂದ್ರವು ಹತ್ತು ಸಾವಿರ ಪದಗಳ ದೃಶ್ಯಕೋಶವನ್ನು ಸಿದ್ಧಪಡಿಸಿದೆ. 2020ರಲ್ಲಿ ಎನ್‌ಸಿಇಆರ್‌ಟಿಯೊಡನೆ ಒಪ್ಪಂದ ಮಾಡಿಕೊಂಡು ಪಠ್ಯಪುಸ್ತಕಗಳನ್ನು ಸಂಜ್ಞೆಗೆ ಇಳಿಸುವ ಕಾರ್ಯಕ್ಕೂ ಕೈಹಾಕಿತು. ಆ ವರ್ಷವೇ ಕೋವಿಡ್ ಪಿಡುಗಿನಿಂದ ಶಾಲೆಗಳೆಲ್ಲ ಮುಚ್ಚಿ ಪಾಠ ಮೊಬೈಲಿನ ತೆರೆಗೆ ಬಂದಾಗ, ಉಪಶೀರ್ಷಿಕೆಯಿಲ್ಲದ ವೀಡಿಯೊಗಳ ಮುಂದೆ ಕುಳಿತ ಕಿವುಡ ಮಕ್ಕಳಿಗೆ ಕಂಡದ್ದು ಉಪಾಧ್ಯಾಯರ ತುಟಿಗಳ ಚಲನೆ ಮಾತ್ರ.

ಅಂಧವಿದ್ಯಾರ್ಥಿಗಳ ದಾರಿಯಲ್ಲಿ ಇಂದಿಗೂ ಅತ್ಯಂತ ದುರ್ಗಮವಾದ ಘಟ್ಟವೆಂದರೆ ಗಣಿತ ಮತ್ತು ವಿಜ್ಞಾನ. ಹತ್ತನೆಯ ತರಗತಿಯಲ್ಲಿ ಅವುಗಳ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳಂಥ ಪರ್ಯಾಯ ವಿಷಯಗಳನ್ನು ಆಯ್ದುಕೊಳ್ಳಲು ಅವಕಾಶ ಕೊಟ್ಟಿರುವುದು ದಯೆಯಿಂದಲೇ. ಆದರೆ ಆ ದಯೆಯ ಫಲವಾಗಿ ಹದಿನೈದನೆಯ ವಯಸ್ಸಿಗೇ ಅನೇಕ ಉದ್ಯೋಗಗಳ ಬಾಗಿಲು ಅವರಿಗೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ವಿಷನ್ ಎಂಪವರ್ ಎಂಬ ಸಂಸ್ಥೆಯು ಈ ಎರಡು ವಿಷಯಗಳನ್ನು ಅಂಧಮಕ್ಕಳಿಗೆ ಮುಟ್ಟಿಸುವುದನ್ನೇ ತನ್ನ ಮುಖ್ಯೋದ್ದೇಶವಾಗಿ ಇಟ್ಟುಕೊಂಡಿದೆ. ತಡೆಯಿರುವುದು ವಿಷಯದ ಕಾಠಿಣ್ಯದಲ್ಲಲ್ಲ, ಪುಟದ ವಿನ್ಯಾಸದಲ್ಲಿ. ಭಿನ್ನರಾಶಿಯಲ್ಲಿ ಗೆರೆಯ ಮೇಲೊಂದು ಕೆಳಗೊಂದು ಅಂಕಿ. ವರ್ಗಮೂಲದ ಚಿಹ್ನೆ ಎಲ್ಲಿಯವರೆಗೆ ಚಾಚಿದೆಯೆಂಬುದನ್ನು ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ, ಸ್ಕ್ರೀನ್ ರೀಡರ್ ಹಿಡಿಯದು. ಸಮೀಕರಣವನ್ನು ಚಿತ್ರವಾಗಿ ಅಂಟಿಸಿಬಿಟ್ಟಿದ್ದರಂತೂ ಅದು ‘ಚಿತ್ರ’ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋಗುತ್ತದೆ. ಗಣಿತದ ರಚನೆಯನ್ನು ಯಂತ್ರಕ್ಕೆ ತಿಳಿಯುವಂತೆ ಗುರುತಿಸುವ ಮ್ಯಾಥ್‌ಎಂಎಲ್ ಎಂಬ ಸಂಕೇತಕ್ರಮ ಬಹಳ ವರ್ಷಗಳಿಂದ ಸಿದ್ಧವಾಗಿದೆ. ಕನ್ನಡ ಪಠ್ಯಗಳನ್ನು ಪುಟಕ್ಕಿಳಿಸುವವರು ಅದನ್ನು ಬಳಸುವುದು ಅಪೂರ್ವ.

ಚಿತ್ರಗಳ ವಿಷಯದಲ್ಲಿ ಹೊಸ ಯಂತ್ರವೂ ಬೇಕಾಗಿಲ್ಲ. ಜೀವಶಾಸ್ತ್ರದ ಪುಸ್ತಕದಲ್ಲಿ ಹೃದಯದ ನಾಲ್ಕು ಕೋಣೆಗಳ ಚಿತ್ರವಿದ್ದು, ಅದರ ಕೆಳಗೆ ‘ಚಿತ್ರವನ್ನು ಗಮನಿಸಿ ಉತ್ತರಿಸಿ’ ಎಂದಿದ್ದರೆ, ಶುದ್ಧರಕ್ತ ಯಾವ ಕೋಣೆಗೆ ಯಾವ ಕಡೆಯಿಂದ ಬರುತ್ತದೆ, ಎಲ್ಲಿಂದ ಹೊರಡುತ್ತದೆಂಬುದನ್ನು ನಾಲ್ಕೈದು ಸ್ಪಷ್ಟವಾದ ವಾಕ್ಯಗಳಲ್ಲಿ ಬರೆದು ಚಿತ್ರದೊಡನೆ ಕಡತದಲ್ಲಿ ಸೇರಿಸಿದರೆ ಆಯಿತು. ಅಚ್ಚಿನ ಪುಟದಲ್ಲಿ ಅವು ಕಾಣಿಸಬೇಕಾಗಿಯೂ ಇಲ್ಲ. ಆದರೆ ಆ ವಾಕ್ಯಗಳನ್ನು ಬರೆಯುವ ಹೊಣೆ ಇಂದು ಪುಸ್ತಕ ಮುಗಿದು ಹಲವು ತಿಂಗಳಾದಮೇಲೆ ಯಾವುದೋ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯ ಮೇಲೆ ಬೀಳುತ್ತದೆ. ಅವಳು ಜೀವಶಾಸ್ತ್ರ ಓದಿದವಳಾಗಿರಬೇಕೆಂಬ ನಿಯಮವೇನೂ ಇಲ್ಲ. ಹೃದಯದ ಚಿತ್ರ ಆ ಪಾಠದಲ್ಲಿ ಯಾವ ಪ್ರಯೋಜನಕ್ಕಾಗಿ ಇದೆಯೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಪಾಠವನ್ನು ಬರೆದು ಚಿತ್ರವನ್ನು ಬರೆಸಿದ ಲೇಖಕ. ಅವನಿಂದಲೇ, ಹಸ್ತಪ್ರತಿಯೊಡನೆಯೇ, ಆ ನಾಲ್ಕೈದು ವಾಕ್ಯಗಳನ್ನು ಪಡೆಯದೆ ಕರಡನ್ನು ಅಚ್ಚಿಗೆ ಕಳುಹಿಸತಕ್ಕದ್ದಲ್ಲವೆಂದು ಪಠ್ಯಪುಸ್ತಕ ಸಮಿತಿಗಳು ಒಂದು ಸಾಲಿನ ನಿಯಮವನ್ನು ಮಾಡಿಕೊಳ್ಳುವುದಕ್ಕೆ ಹಣವೂ ಬೇಕಾಗಿಲ್ಲ, ಹೊಸ ಶಾಸನವೂ ಬೇಕಾಗಿಲ್ಲ.